ಆಪ್ಟ್ ಪರ್ಜ್ ಮಾಡಿ ಮತ್ತೆ ಹಾಕಿದರೂ /ಇಟಿಸಿ/ಎಂಜಿನ್‌ಎಕ್ಸ್ ವಾಪಸ್ ಬರುತ್ತಿಲ್ಲ

ಪ್ರಶ್ನೆ:
ಉಬುಂಟು 22.04 ಸರ್ವರ್. ಎಂಜಿನ್‌ಎಕ್ಸ್ ವೆಬ್ ಸರ್ವರಿನ ಕಾನ್ಫಿಗ್ (ಸೆಟ್ಟಿಂಗ್ ಫೈಲ್‌ಗಳು) ಗೋಜಲಾಗಿತ್ತು, ಹೊಸದಾಗಿ ಶುರು ಮಾಡೋಣ ಅಂತ /ಇಟಿಸಿ/ಎಂಜಿನ್‌ಎಕ್ಸ್ ಫೋಲ್ಡರನ್ನೇ ಆರ್‌ಎಂ -ಆರ್‌ಎಫ್ ಮಾಡಿ ಅಳಿಸಿದೆ. ಆಮೇಲೆ ಪ್ಯಾಕೇಜ್ ಹಾಕುವ, ತೆಗೆಯುವ ಸಾಧನವಾದ ಆಪ್ಟ್‌ನಿಂದ:

ಸುಡೊ ಆಪ್ಟ್ ಪರ್ಜ್ ಎಂಜಿನ್‌ಎಕ್ಸ್
ಸುಡೊ ಆಪ್ಟ್ ಇನ್‌ಸ್ಟಾಲ್ ಎಂಜಿನ್‌ಎಕ್ಸ್

ಎರಡೂ ತಕರಾರಿಲ್ಲದೆ ಮುಗಿದವು. ಆದರೆ ಫೋಲ್ಡರ್ ಇಲ್ಲವೇ ಇಲ್ಲ, ಸರ್ವಿಸ್ ಸ್ಟಾರ್ಟ್ ಆಗುತ್ತಿಲ್ಲ. ಪರ್ಜ್ ಅಂದರೆ ಬುಡಸಮೇತ ಕಿತ್ತಂತೆ ಅಲ್ಲವೇ?

ಉತ್ತರ 1:
ಕಿತ್ತದ್ದು ಹೌದು, ಆದರೆ ಬೇರೆ ಗಿಡ. 22.04ರಲ್ಲಿ 'ಎಂಜಿನ್‌ಎಕ್ಸ್' ಅನ್ನುವುದು ಬರೀ ಹೆಸರಿಗೊಂದು ಪ್ಯಾಕೇಜ್. ಅದರ ಕೆಲಸ ಉಳಿದವನ್ನು ಎಳೆದು ತರುವುದಷ್ಟೇ. ಓಡುವ ಪ್ರೋಗ್ರಾಂ ಇರುವುದು 'ಎಂಜಿನ್‌ಎಕ್ಸ್-ಕೋರ್'ನಲ್ಲಿ, ಕಾನ್ಫಿಗ್ ಇರುವುದು 'ಎಂಜಿನ್‌ಎಕ್ಸ್-ಕಾಮನ್'ನಲ್ಲಿ. ನೀವು ತೆಗೆದು ಹಾಕಿದ್ದು ಆ ಖಾಲಿ ಡಬ್ಬಿಯನ್ನು ಮಾತ್ರ. ಯಾವ ಫೈಲ್ ಯಾವ ಪ್ಯಾಕೇಜಿನದು ಅಂತ ತಿಳಿಯಲು, ಆಪ್ಟ್‌ನ ಕೆಳಗೆ ನಿಜವಾದ ಕೆಲಸ ಮಾಡುವ ಡಿಪಿಕೆಜಿಯನ್ನು ಕೇಳಿ:

ಡಿಪಿಕೆಜಿ -ಎಸ್ /ಇಟಿಸಿ/ಎಂಜಿನ್‌ಎಕ್ಸ್/ಎಂಜಿನ್‌ಎಕ್ಸ್.ಕಾನ್ಫ್

ಇಲ್ಲಿ ಎಸ್ ದೊಡ್ಡಕ್ಷರ. ಫೈಲ್ ಅಳಿದಿದ್ದರೂ ಉತ್ತರ ಬರುತ್ತದೆ, ಯಾಕೆಂದರೆ ಅದು ಹುಡುಕುವುದು ಡಿಸ್ಕಿನಲ್ಲಿ ಅಲ್ಲ, /ವಾರ್/ಲಿಬ್/ಡಿಪಿಕೆಜಿ/ಇನ್ಫೋ ಒಳಗಿನ ಪಟ್ಟಿಗಳಲ್ಲಿ.

ಕಾಮನ್ ಅನ್ನು ಸುಮ್ಮನೆ ರೀಇನ್‌ಸ್ಟಾಲ್ ಮಾಡಿದರೂ ಫೈಲ್ ಬರುವುದಿಲ್ಲ. ಕಾನ್ಫಿಗ್ ಫೈಲನ್ನು ಕೈಯಾರೆ ಅಳಿಸಿದರೆ, ಅದು ಅಡ್ಮಿನ್ ಬೇಕೆಂದೇ ಮಾಡಿದ ತೀರ್ಮಾನ ಅಂತ ಡಿಪಿಕೆಜಿ ಗೌರವಿಸುತ್ತದೆ. ಅದನ್ನು ಮರೆಸಲು ಪರ್ಜ್ ಬೇಕು. ಮೊದಲು -ಎಸ್ (ಇಲ್ಲಿ ಚಿಕ್ಕಕ್ಷರ) ಹಾಕಿ ಬರೀ ನಾಟಕ ಓಡಿಸಿ ನೋಡಿ:

ಸುಡೊ ಆಪ್ಟ್ -ಎಸ್ ಪರ್ಜ್ ಎಂಜಿನ್‌ಎಕ್ಸ್-ಕಾಮನ್

ಕಾಮನ್ ಅನ್ನು ನೆಚ್ಚಿದ ಕೋರ್, ಮಾಡ್ಯೂಲ್‌ಗಳೂ ಪಟ್ಟಿಯಲ್ಲಿ ಇರುತ್ತವೆ. ಒಪ್ಪಿಗೆಯಾದರೆ -ಎಸ್ ತೆಗೆದು ಓಡಿಸಿ, ನಂತರ ಇನ್‌ಸ್ಟಾಲ್ ಮಾಡಿ.

ಉತ್ತರ 2:
ಇಷ್ಟಕ್ಕೆ ಪರ್ಜ್ ಬೇಡ ಅನ್ನುತ್ತೇನೆ. ಅದರ ಜೊತೆ /ವಾರ್/ಲಾಗ್/ಎಂಜಿನ್‌ಎಕ್ಸ್ ಕೂಡ ಹೋಗಬಹುದು. ಕಳೆದುಹೋದ ಫೈಲ್ ಮಾತ್ರ ತುಂಬಿಸಲು:

ಸುಡೊ ಆಪ್ಟ್ ಇನ್‌ಸ್ಟಾಲ್ --ರೀಇನ್‌ಸ್ಟಾಲ್ -ಓ ಡಿಪಿಕೆಜಿ::ಆಪ್ಷನ್ಸ್::="--ಫೋರ್ಸ್-ಕಾನ್ಫ್‌ಮಿಸ್" ಎಂಜಿನ್‌ಎಕ್ಸ್-ಕಾಮನ್

ಇರುವ ಫೈಲನ್ನು ಇದು ಮುಟ್ಟುವುದಿಲ್ಲ. ಒಂದು ಕೊರತೆ: ಸೈಟ್ಸ್-ಎನೇಬಲ್ಡ್ ಒಳಗಿನ 'ಡಿಫಾಲ್ಟ್' ಒಂದು ಲಿಂಕ್, ಕಾನ್ಫಿಗ್ ಫೈಲ್ ಅಲ್ಲ. ಬಂದಿಲ್ಲದಿದ್ದರೆ ಸೈಟ್ಸ್-ಅವೈಲಬಲ್‌ನಿಂದ ಎಲ್‌ಎನ್ -ಎಸ್ ಕೊಟ್ಟು ನೀವೇ ಕಟ್ಟಬೇಕು. ಆಮೇಲೆ 'ಸುಡೊ ಎಂಜಿನ್‌ಎಕ್ಸ್ -ಟಿ' ಕೊಟ್ಟು ಕಾನ್ಫಿಗ್ ಪರೀಕ್ಷಿಸಿ. ಅದು ಓಕೆ ಅಂದ ಮೇಲೆಯೇ ಸ್ಟಾರ್ಟ್ ಮಾಡಿ.

ಕೇಳಿದವರು:
ಎರಡನೆಯ ದಾರಿ ಹಿಡಿದೆ, ಸರಿಹೋಯಿತು. ಲಿಂಕ್ ಕೈಯಾರೆ ಕಟ್ಟಬೇಕಾಯಿತು. ಇನ್ನೊಂದು ವಿಷಯ: 'ಡಿಪಿಕೆಜಿ -ಎಲ್' (ಚಿಕ್ಕಕ್ಷರ) ಕೊಡುವ ಪ್ಯಾಕೇಜ್ ಪಟ್ಟಿಯಲ್ಲಿ ಹತ್ತಾರು ಸಾಲುಗಳ ಮುಂದೆ 'ಆರ್‌ಸಿ' ಅಂತಿದೆ. ಗುಡಿಸಿಬಿಡಲೇ?

ಉತ್ತರ 3:
ಆರ್ ಅಂದರೆ ತೆಗೆಯಲು ಹೇಳಿದ್ದು, ಸಿ ಅಂದರೆ ಕಾನ್ಫಿಗ್ ಮಾತ್ರ ಉಳಿದಿದೆ. ಹಿಂದೆ ಪರ್ಜ್ ಬದಲು ಬರೀ ರಿಮೂವ್ ಕೊಟ್ಟಿದ್ದರ ಪಳೆಯುಳಿಕೆ. ಜಾಗ ತಿನ್ನುವುದು ತೀರಾ ಕಡಿಮೆ, ಅವಸರವಿಲ್ಲ. ತೆಗೆಯಲೇಬೇಕೆಂದರೆ ('~ಸಿ' ಅಂದರೆ ಇಂಥ ಪ್ಯಾಕೇಜುಗಳೆಲ್ಲ):

ಸುಡೊ ಆಪ್ಟ್ -ಎಸ್ ಪರ್ಜ್ '~ಸಿ'

ಉದ್ಧರಣ ಚಿಹ್ನೆ ಬಿಡಬೇಡಿ. ~ ಗುರುತನ್ನು ಶೆಲ್ ತನ್ನ ರೀತಿಯಲ್ಲಿ ಅರ್ಥ ಮಾಡಿಕೊಳ್ಳಬಾರದು. ಪಟ್ಟಿಯಲ್ಲಿ ಮೈಎಸ್‌ಕ್ಯೂಎಲ್, ಪೋಸ್ಟ್‌ಗ್ರೆಸ್‌ನಂಥ ಡೇಟಾಬೇಸ್ ಕಂಡರೆ ಅಲ್ಲೇ ನಿಲ್ಲಿ. ಅವುಗಳ ಪರ್ಜ್ ಸ್ಕ್ರಿಪ್ಟ್ ಕಾನ್ಫಿಗ್ ಜೊತೆ ಡೇಟಾವನ್ನೂ ಒಯ್ಯಬಹುದು. ಅಂಥ ಕಡೆ -ವೈ (ಎಲ್ಲ ಪ್ರಶ್ನೆಗೂ ಹೌದು) ಹಾಕುವುದು ಶುದ್ಧ ಹುಚ್ಚಾಟ. ಬ್ಯಾಕಪ್ ಇದೆಯೇ ನೋಡಿಕೊಂಡು, ಒಂದೊಂದಾಗಿ ಹೆಸರು ಕೊಟ್ಟು ತೆಗೆಯಿರಿ.

ಮುಂದೆ ಈ ರಾಶಿ ಬೆಳೆಯಬಾರದೆಂದರೆ ಬೇಡವಾದ ಪ್ಯಾಕೇಜ್ ತೆಗೆಯುವ 'ಆಟೊರಿಮೂವ್' ಬದಲು 'ಆಟೊರಿಮೂವ್ --ಪರ್ಜ್' ಕೊಡಿ. ಹೋಮ್ ಫೋಲ್ಡರಿನಲ್ಲಿ ಚುಕ್ಕೆಯಿಂದ ಶುರುವಾಗುವ ಸೆಟ್ಟಿಂಗ್ ಫೈಲ್‌ಗಳನ್ನು ಮಾತ್ರ ಯಾವ ಪರ್ಜ್ ಕೂಡ ಮುಟ್ಟುವುದಿಲ್ಲ, ಅವನ್ನು ನೀವೇ ನೋಡಿಕೊಳ್ಳಬೇಕು.