5:20ರ ಹಾಡನ್ನು 2:45ಕ್ಕೆ ಇಳಿಸಿ ಅಂತಾರೆ, ಒಪ್ಪೋದಾ?

ಗಾಂಧಿಬಜಾರ್ ಗಮಕ:
ನಾಲ್ಕು ಜನರ ತಂಡ, ಸಾಹಿತ್ಯ-ಸಂಯೋಜನೆ ನಮ್ಮದೇ. ಬೆಂಗಳೂರಿನ ಆಡಿಯೋ ಕಂಪನಿಯೊಂದು ಹಾಡು ತಗೋತೀವಿ ಅಂದಿದೆ. ಶುರುವಿನ 50 ಸೆಕೆಂಡ್ ಆಲಾಪ ತೆಗೀಬೇಕು, 10 ಸೆಕೆಂಡಲ್ಲಿ ಪಲ್ಲವಿ ಬರಬೇಕು. ದುಡ್ಡು ಒಂದೇ ಸಲ. ‘ಎಲ್ಲ ಹಕ್ಕೂ, ಶಾಶ್ವತವಾಗಿ, ವಿಶ್ವದಾದ್ಯಂತ’ ಅಂತ ಅಗ್ರಿಮೆಂಟ್. ಏನು ಮಾಡೋದು?

ಫೇಡರ್:
ಕತ್ತರಿಗೂ ಹಕ್ಕಿಗೂ ಗಂಟು ಹಾಕಬೇಡಿ. ಕತ್ತರಿಗೆ ದಾರಿ ಇದೆ: ಉದ್ದದ್ದು ಉದ್ದದ್ದೇ ಇರಲಿ, ಚಿಕ್ಕದನ್ನು ಬೇರೆ ವರ್ಷನ್ ಮಾಡಿ, ಎರಡಕ್ಕೂ ಬೇರೆ ಬೇರೆ ಐಎಸ್‌ಆರ್‌ಸಿ ಸಂಖ್ಯೆ (ಪ್ರತಿ ರೆಕಾರ್ಡಿಂಗಿಗೂ ಸಿಗೋ ಗುರುತಿನ ಸಂಖ್ಯೆ) ತಗೊಳ್ಳಿ. ಆದರೆ ಮಿಕ್ಸ್ ಆದ ಸ್ಟೀರಿಯೋ ಫೈಲಿಗೇ ಕತ್ತರಿ ಹಾಕಿದ್ರೆ ಆಲಾಪದ ರಿವರ್ಬ್ (ಮಾರ್ದನಿ) ಬಾಲ ಪಲ್ಲವಿಯ ಮೊದಲಕ್ಷರದ ಮೇಲೆ ಕೂತ್ಕೊಳ್ಳುತ್ತೆ. ಸೆಷನ್ (ಟ್ರ್ಯಾಕುಗಳು ಬೇರೆ ಬೇರೆ ಇರೋ ಮೂಲ ಫೈಲು) ತೆರೆದು, ಆವರ್ತ (ತಾಳದ ಒಂದು ಸುತ್ತು) ಮುಗಿಯೋ ಕಡೆ ಕತ್ತರಿಸಿ. ಅರ್ಧ ಆವರ್ತದಲ್ಲಿ ಕಡಿದ್ರೆ ತಬಲಾದವರು ಸಮಕ್ಕೆ (ಆವರ್ತದ ಮೊದಲ ಪೆಟ್ಟಿಗೆ) ಬರೋಷ್ಟರಲ್ಲಿ ಪಲ್ಲವಿ ಎದ್ದಿರುತ್ತೆ. ಆಲಾಪದ ಕೊನೆಯ ಎಳೆ 6-7 ಸೆಕೆಂಡ್ ಉಳಿಸಿ, ರಾಗದ ಮುಖ ಕಾಣೋಕೆ ಅಷ್ಟು ಸಾಕು. (50 ಸೆಕೆಂಡ್ ಸ್ವಲ್ಪ ಜಾಸ್ತಿನೇ, ಬೇಜಾರಾಗಬೇಡಿ.) ಅವರ ಅವಸರಕ್ಕೂ ಕಾರಣ ಇದೆ, ಸ್ಪಾಟಿಫೈನಲ್ಲಿ 30 ಸೆಕೆಂಡ್ ಕೇಳಿದ್ರೇನೇ ಒಂದು ಸ್ಟ್ರೀಮ್. ‘ಇನ್ನೂ ಜೋರು ಮಾಡಿ’ ಅಂದ್ರೆ ಮಾತ್ರ ಬೇಡ ಅನ್ನಿ. ಸ್ಪಾಟಿಫೈನಲ್ಲಿ ಮಾಮೂಲಿ ಮಟ್ಟ −14 ಲಫ್ಸ್ (ಕೇಳಿಸೋ ಜೋರಿನ ಅಳತೆ). −8ಕ್ಕೆ ಹಿಂಡಿ ಕೊಟ್ಟದ್ದನ್ನು 6 ಡೆಸಿಬೆಲ್ ಇಳಿಸ್ತಾರೆ, ತಬಲಾದ ಪೆಟ್ಟು ಹೋಗಿದ್ದು ಹೋಗೇ ಇರುತ್ತೆ.

ಕರಾರುಪತ್ರ:
ಪೇಚು ಹಕ್ಕಿನದ್ದೇ. ಕಾಪಿರೈಟ್ ಕಾಯ್ದೆಗೆ 2012ರ ತಿದ್ದುಪಡಿ ಆದ ಮೇಲೆ ಸಾಹಿತಿ, ಸಂಯೋಜಕರ ರಾಯಲ್ಟಿ ಪಾಲನ್ನು ಕಂಪನಿಗೆ ಬರೆದುಕೊಡೋಕೆ ಆಗಲ್ಲ, ಬರೆದ್ರೂ ಆ ಕಲಮು ಊರ್ಜಿತವಲ್ಲ. ಐಪಿಆರ್‌ಎಸ್ ಸದಸ್ಯರಾಗಿ ಹಾಡು ನೋಂದಾಯಿಸಿ, ಸಾಹಿತಿ-ಸಂಯೋಜಕರ ರಾಯಲ್ಟಿ ವಸೂಲಿ ಮಾಡಿ ಹಂಚೋ ಸಂಸ್ಥೆ ಅದು. ಅವಧಿ ಬರೆಯದಿದ್ರೆ 5 ವರ್ಷ, ಪ್ರದೇಶ ಬರೆಯದಿದ್ರೆ ಭಾರತ ಮಾತ್ರ ಅನ್ನುತ್ತೆ ಅದೇ ಕಾಯ್ದೆಯ 19ನೇ ಸೆಕ್ಷನ್. ‘ಶಾಶ್ವತ, ವಿಶ್ವದಾದ್ಯಂತ’ ಅಂತ ಒತ್ತಿ ಬರೆಯೋದು ಅದಕ್ಕೇ. ಹೊಡೆದುಹಾಕಿಸಿ.

ಇನ್ನೊಂದು: ಅವಧಿಗೆ ಹೊಂದಿಸೋಕೆ ಒಂದು ಭಾಗ ತೆಗೆದ ಮಾತ್ರಕ್ಕೆ ಗಾಯಕರ ಹೆಸರಿಗೆ ಧಕ್ಕೆ ಅಂತ ವಾದಿಸೋಕಾಗಲ್ಲ, 38ಬಿ ಸೆಕ್ಷನ್ನಿನ ವಿವರಣೆಯಲ್ಲೇ ಇದೆ. ಹಾಗಾಗಿ ‘ನಮ್ಮ ಲಿಖಿತ ಒಪ್ಪಿಗೆಯಿಲ್ಲದೆ ಎಡಿಟ್, ರೀಮಿಕ್ಸ್ ಕೂಡದು’ ಅನ್ನೋ ಸಾಲು ಅಗ್ರಿಮೆಂಟಲ್ಲೇ ಬರಬೇಕು.

ಗಾಂಧಿಬಜಾರ್ ಗಮಕ:
ರೆಕಾರ್ಡಿಂಗ್ ಖರ್ಚು ನಮ್ಮದೇ. ಏನಾದ್ರೂ ವ್ಯತ್ಯಾಸ ಆಗುತ್ತಾ?

ಕರಾರುಪತ್ರ:
ತುಂಬಾ. ಹಾಗಿದ್ರೆ ಮಾಸ್ಟರ್ (ಮೂಲ ರೆಕಾರ್ಡಿಂಗ್) ನಿಮ್ಮದು. ಬರೆದುಕೊಡಬೇಡಿ, ಚಿಕ್ಕ ವರ್ಷನ್ನಿಗೆ ಮಾತ್ರ 5 ವರ್ಷದ ಲೈಸೆನ್ಸ್ ಕೊಡ್ತೀವಿ ಅನ್ನಿ. ಸ್ಟುಡಿಯೋ ಬಿಲ್ಲು ತಂಡದ ಹೆಸರಲ್ಲೇ ಇದೆಯಾ, ಮೊದಲು ನೋಡಿ.