ಬಗ್ಗಿಸೋ ಪ್ರೋಟೀನು, ಬಲಿಯದ ಮುಳ್ಳು

ನಾಣಿ: ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅಂತಾರಲ್ಲ, ನರಕೋಶಕ್ಕೂ ಅದೇ ಗಾದೆನಾ?

ಸೀನ: ಅದಕ್ಕೆ ಗಾದೆ ಸಾಲದು, ಆಳು ಬೇಕು. ಕೋಶದ ಪೊರೆ ಇರೋದು ನಾಲ್ಕೈದು ನ್ಯಾನೊಮೀಟರ್ ದಪ್ಪ, ಆದ್ರೂ ತಾನಾಗಿ ಬಗ್ಗೋಕೆ ಒಪ್ಪಲ್ಲ. ಬಗ್ಗಿಸೋ ಆಳುಗಳ ಹೆಸರು ಬಾರ್ ಪ್ರೋಟೀನು.

ನಾಣಿ: ಬಾರ್‌ಗೆ ಹೋದೋರು ಯಾವತ್ತು ನೆಟ್ಟಗೆ ನಿಂತಿದ್ರು!

ಶಾರದೆ: ಥೂ, ಅದಲ್ವೋ. ಬಿನ್, ಆಂಫಿಫೈಸಿನ್, ಆರ್‌ವಿಎಸ್, ಮೂರರ ಮೊದಲಕ್ಷರ ಅದು. ಎರಡೆರಡು ಸೇರಿ ಬಾಳೆಹಣ್ಣಿನ ಹಾಗೆ ಬಾಗಿರುತ್ತವೆ. ಹಣ್ಣುನೊಣದ ಆಂಫಿಫೈಸಿನ್‌ನಲ್ಲಿ ಈ ಆಕಾರ ಸ್ಪಷ್ಟವಾಗಿ ಕಂಡದ್ದು 2004ರಲ್ಲಿ. ಒಳಬಾಗಿನಲ್ಲಿ ಧನ ವಿದ್ಯುದಂಶ, ಪೊರೆಯ ಫಾಸ್ಫಟಿಡೈಲ್‌ಸೆರಿನ್ ಅನ್ನೋ ಕೊಬ್ಬಿನಲ್ಲಿ ಋಣ. ಅಂಟ್ಕೊಂಡ್ರೆ ಪೊರೆ ಬಾಗಲೇಬೇಕು.

ನಾಣಿ: ಪರೀಕ್ಷೆ ಮಾಡೋದು ಹೇಗೆ?

ಶಾರದೆ: ಕೊಬ್ಬಿನ ಗುಳ್ಳೆ ಮಾಡಿ ಪ್ರೋಟೀನು ಬೆರೆಸು, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡು: ಗುಂಡಗಿದ್ದದ್ದು ನಳಿಗೆ ಆಗಿರುತ್ತೆ. ಋಣ ಅಂಶದ ಕೊಬ್ಬು ಹಾಕೋದು ಮರೆತ್ರೆ ಏನೂ ಆಗಲ್ಲ. ಪ್ರೋಟೀನು ಜಾಸ್ತಿ ಸುರಿದ್ರೆ ನಳಿಗೆ ಚೂರುಚೂರು. ಜೀವಂತ ಕೋಶಕ್ಕೂ ಹೀಗೇ ತುಂಬಿಸಿ, ಎಲ್ಲೆಲ್ಲೂ ನಳಿಗೆ ಕಂಡಿತು ಅಂತ ಕುಣಿಯೋರಿದ್ದಾರೆ. ಅದು ಅತಿಯ ಫಲ, ಸಹಜ ಕೆಲಸ ಅಲ್ಲ.

ಸೀನ: ಎಲ್ಲರೂ ಒಳಕ್ಕೇ ಎಳೆಯಲ್ಲ ಕಣೋ. ಎಸ್‌ಆರ್‌ಗ್ಯಾಪ್-2 ಅನ್ನೋ ಬಾರ್ ಗುಂಪಿನ ಪ್ರೋಟೀನು ಪೊರೆನ ಹೊರಕ್ಕೆ ತಳ್ಳಿ ಬೆರಳಿನಂಥ ಚಾಚುಗಳನ್ನ ಎಬ್ಬಿಸುತ್ತೆ. ಡೆಂಡ್ರೈಟು ಅನ್ನೋ ನರಕೋಶದ ಕೊಂಬೆಯ ಮುಳ್ಳುಗಳು, ಅಂದ್ರೆ ಸಂದೇಶ ಹಿಡಿಯೋ ಗುಬುಟುಗಳು, ಬಲಿಯೋಕೂ ಅದೇ ಬೇಕು. ತಮಾಷೆ ಮುಂದಿದೆ. ಸುಮಾರು 24 ಲಕ್ಷ ವರ್ಷದ ಹಿಂದೆ ನಮ್ಮ ಪೂರ್ವಜರಲ್ಲಿ ಆ ಜೀನಿನದೊಂದು ಅರೆಬರೆ ನಕಲು ಹುಟ್ಟಿತು, ಎಸ್‌ಆರ್‌ಗ್ಯಾಪ್-2ಸಿ ಅಂತ. ಚಿಂಪಾಂಜಿಗೆ ಅದಿಲ್ಲ. ಈ ತುಂಡು ಅಸಲಿಯ ಜೊತೆ ಜೋಡಿ ಕಟ್ಟಿ ಅದರ ಕೆಲಸ ಕೆಡಿಸುತ್ತೆ.

ನಾಣಿ: ನಕಲಿ ಬಂದು ಅಸಲಿಯ ಕೈ ಕಟ್ಟಿ ಹಾಕಿದ್ದೇ ಮನುಷ್ಯನ ಹೆಚ್ಚುಗಾರಿಕೆನಾ?

ಸೀನ: ಹೆಚ್ಚೂಕಡಿಮೆ. ಇಲಿಗೆ ಆ ನಕಲಿ ಜೀನು ಕೊಟ್ಟು 2012ರಲ್ಲಿ ನೋಡಿದ್ರು: ಮುಳ್ಳುಗಳು ಹೆಚ್ಚಾದ್ವು, ಮುಳ್ಳಿನ ಕತ್ತು ಉದ್ದ ಆಯ್ತು, ಬಲಿಯೋದು ತಡವಾಯ್ತು.

ನಾಣಿ: ತಾಳು ತಾಳು. ಆಲಿಗೋಫ್ರೆನಿನ್-1 ಅನ್ನೋದೂ ಬಾರ್ ಗುಂಪಿನದೇ, ಅದು ಕೆಟ್ರೂ ಮುಳ್ಳು ಬಲಿಯಲ್ಲ ಅಂತ ಮೊನ್ನೆ ನೀನೇ ಅಂದಿದ್ದೆ. ಅಲ್ಲಿ ಬುದ್ಧಿಮಾಂದ್ಯ, ಇಲ್ಲಿ ಬುದ್ಧಿವಂತಿಕೆ. ಯಾವ ನ್ಯಾಯ?

ಶಾರದೆ: ಒಳ್ಳೆ ಪ್ರಶ್ನೆ, ನಿನ್ನಿಂದ ಬಂದದ್ದೇ ಆಶ್ಚರ್ಯ. ಆಲಿಗೋಫ್ರೆನಿನ್ ಬರೀ ಪೊರೆ ಹಿಡಿಯಲ್ಲ, ರೋ-ಎ ಅನ್ನೋ ಸ್ವಿಚ್ಚನ್ನ ಆರಿಸೋ ಕೈಯೂ ಅದಕ್ಕಿದೆ. ಅದಿಲ್ಲದಿದ್ರೆ ಸ್ವಿಚ್ಚು ಹೊತ್ತಿಕೊಂಡೇ ಇರುತ್ತೆ, ಮುಳ್ಳಿಗೆ ಆಕಾರ ಕೊಡೋ ಆಕ್ಟಿನ್ ಪ್ರೋಟೀನಿನ ಹಂದರ ಕೆಡುತ್ತೆ. ಜೀನು ಎಕ್ಸ್ ವರ್ಣತಂತುವಿನಲ್ಲಿರೋದ್ರಿಂದ ಗಂಡುಮಕ್ಕಳಿಗೇ ಹೊಡೆತ ಜಾಸ್ತಿ, ಕಿರುಮಿದುಳೂ ಸಣ್ಣದಾಗಬಹುದು. ಆ ಮುಳ್ಳು ಬಲಿಯದೇ ಉಳಿಯುತ್ತೆ. 2ಸಿ ಇದ್ದಲ್ಲಿ ತಡವಾಗಿಯಾದ್ರೂ ಬಲಿಯುತ್ತೆ, ಸಂಖ್ಯೆನೂ ಜಾಸ್ತಿ. ತಡ ಬೇರೆ, ತಡೆ ಬೇರೆ ಕಣೋ.

ನಾಣಿ: ಅಂದ್ರೆ ಗಿಡವಾಗಿರೋ ಕಾಲನ್ನೇ ಉದ್ದ ಮಾಡಿಕೊಂಡ್ವಿ. ಸರಿ, ಆ ಇಲಿ ಗಾದೆ ಏನಾದ್ರೂ ಹೇಳ್ತಾ?

ಸೀನ: ಅವಸರ ಮಾಡ್ಬೇಡ, ಅದರ ಮುಳ್ಳು ಇನ್ನೂ ಬಲಿಯುತ್ತಾ ಇದೆ.