ಡಿಸೈನ್ ಕೆಲಸಕ್ಕೆ ಕಂಪ್ಯೂಟರ್, ಮಾನಿಟರ್: 70 ಸಾವಿರದಲ್ಲಿ ಯಾವುದು ತಗೊಳ್ಳಲಿ?

ಕೊಪ್ಪಳ_ಹುಡುಗ: ಎಲ್ಲರಿಗೂ ನಮಸ್ಕಾರ. ಕೊಪ್ಪಳದಲ್ಲಿ ಡಿಸೈನ್ ಅಂಗಡಿ ಶುರು ಮಾಡುತ್ತಿದ್ದೇನೆ. ಮದುವೆ ಕಾರ್ಡ್, ಫ್ಲೆಕ್ಸ್, ಜೊತೆಗೆ ಬಳ್ಳಾರಿ ಜೀನ್ಸ್ ಯೂನಿಟ್‌ಗಳ ಲೇಬಲ್, ಟ್ಯಾಗ್. ಕಂಪ್ಯೂಟರ್, ಮಾನಿಟರ್ ಎರಡೂ ಸೇರಿ 70 ಸಾವಿರ ಇದೆ. ಏನು ತಗೊಳ್ಳಲಿ?

ಫ್ಲೆಕ್ಸ್_ಗಂಗಾವತಿ: ಮಾನಿಟರ್‌ಗೆ ದುಡ್ಡು ಸುರಿಯಬೇಡ ತಮ್ಮಾ. ಒಳ್ಳೆ ಪ್ರೊಸೆಸರ್, 16 ಜಿಬಿ ರ್ಯಾಮ್, ಎಸ್‌ಎಸ್‌ಡಿ ಹಾಕಿಸು. 20 ಅಡಿ ಫ್ಲೆಕ್ಸನ್ನು ಜನ ರಸ್ತೆ ಆಚೆಯಿಂದ ನೋಡುತ್ತಾರೆ. ಬಣ್ಣ ಚೂರು ಹೆಚ್ಚುಕಮ್ಮಿ ಆದರೆ ಯಾರಿಗೂ ಗೊತ್ತಾಗಲ್ಲ.

ಬಳ್ಳಾರಿ_ಲೇಬಲ್: "ಯಾರಿಗೂ ಗೊತ್ತಾಗಲ್ಲ" ಅಂತ ಹೇಳಿ ಹುಡುಗನ ದಾರಿ ತಪ್ಪಿಸಬೇಡಿ. ಜೀನ್ಸ್ ಟ್ಯಾಗ್ ಕೈಯಲ್ಲಿ ಹಿಡಿದು ನೋಡುವ ಮಾಲು. ಅಗ್ಗದ ಟಿಎನ್ ಪ್ಯಾನೆಲ್ (ಒಂದು ಬಗೆಯ ಸ್ಕ್ರೀನ್) ಮುಂದೆ ಕುರ್ಚಿಯಲ್ಲಿ ಸ್ವಲ್ಪ ಕೆಳಗೆ ಜಾರಿ ಕೂತು ನೋಡಿ, ನೀಲಿ ಕಪ್ಪಾಗುತ್ತದೆ. ಎದ್ದು ನಿಂತರೆ ಅದೇ ನೀಲಿ ತೊಳೆದ ಹಾಗೆ ಕಾಣುತ್ತದೆ. ಯಾವುದನ್ನು ನಂಬಿ ಅಚ್ಚಿಗೆ ಕೊಡುವುದು? ಯಾವ ಕಡೆಯಿಂದ ನೋಡಿದರೂ ಬಣ್ಣ ಅಷ್ಟಾಗಿ ಬದಲಾಗದ ಐಪಿಎಸ್ ಪ್ಯಾನೆಲ್ಲೇ ಬೇಕು, ಎಸ್‌ಆರ್‌ಜಿಬಿ (ಸ್ಕ್ರೀನ್ ತೋರಿಸುವ ಬಣ್ಣಗಳ ಅಳತೆ) 99% ಆದರೂ ಇರಬೇಕು. "45% ಎನ್‌ಟಿಎಸ್‌ಸಿ" ಅಂತ ಬರೆದಿದ್ದರೆ ಮುಟ್ಟಬೇಡಿ. ಎನ್‌ಟಿಎಸ್‌ಸಿ ಬಣ್ಣದ ಇನ್ನೊಂದು ಅಳತೆ, ಅದರ 45% ಅಂದರೆ ಎಸ್‌ಆರ್‌ಜಿಬಿಯ ಮೂರರಲ್ಲಿ ಎರಡು ಪಾಲೂ ಆಗುವುದಿಲ್ಲ.

ಫ್ಲೆಕ್ಸ್_ಗಂಗಾವತಿ: 99% ಇದ್ದರೇನು ಬಂತು? ಸ್ಕ್ರೀನ್ ಆರ್‌ಜಿಬಿ (ಕೆಂಪು, ಹಸಿರು, ನೀಲಿ ಬೆಳಕು), ಅಚ್ಚು ಸಿಎಂವೈಕೆ (ನಾಲ್ಕು ಬಣ್ಣದ ಶಾಯಿ). ಗಾಢ ನೀಲಿ ಅಚ್ಚಾಗಿ ಬರುವಾಗ ನೇರಳೆಗೆ ತಿರುಗುತ್ತದೆ. ಯಾವ ಮಾನಿಟರ್ ತಡೆಯುತ್ತದೆ ಹೇಳಿ.

ರಾಯಚೂರು_ಮ್ಯಾಕ್: ಈ ತಲೆನೋವೇ ಬೇಡ. ಆಪಲ್‌ನ ಪುಟ್ಟ ಕಂಪ್ಯೂಟರ್ ಮ್ಯಾಕ್ ಮಿನಿ ಎಂ4 ತಗೊಳ್ಳಿ. 2024ರಲ್ಲಿ ಬಂದಾಗ ಬೆಲೆ 59,900 ರೂಪಾಯಿ, 16 ಜಿಬಿ ರ್ಯಾಮ್. ಸದ್ದು ಕಡಿಮೆ, ಕರೆಂಟ್ ಕಡಿಮೆ. ಡಿಸೈನ್ ಸಾಫ್ಟ್‌ವೇರ್ ಕೋರೆಲ್ ಕೂಡ 2019ರಿಂದ ಮ್ಯಾಕ್‌ಗೆ ಇದೆ.

ಡಿಟಿಪಿ_ಸಿಂಧನೂರು: ಕೋರೆಲ್ ಇದೆ ಸರಿ, ನುಡಿ ಎಲ್ಲಿದೆ? ಕನ್ನಡ ಟೈಪ್ ಮಾಡುವ ನುಡಿ ವಿಂಡೋಸ್ ಸಾಫ್ಟ್‌ವೇರ್. ನಮ್ಮ ಕಡೆ ಪ್ರೆಸ್‌ಗಳೆಲ್ಲ ನುಡಿ ಅಕ್ಷರದಲ್ಲೇ ನಡೆಯುತ್ತವೆ.

ರಾಯಚೂರು_ಮ್ಯಾಕ್: ಇನ್ನೂ ನುಡಿ ಹಿಡಿದುಕೊಂಡು ಕೂತಿದ್ದೀರಾ? ಎಲ್ಲ ಕಂಪ್ಯೂಟರ್, ಫೋನ್‌ಗೂ ಒಂದೇ ಆದ ಅಕ್ಷರ ಸಂಕೇತ ಯೂನಿಕೋಡ್, ಅದರಲ್ಲಿ ಕನ್ನಡ 1991ರಿಂದಲೇ ಇದೆ. ಬಾಲೂ ತಮ್ಮ, ಅನೆಕ್ ಕನ್ನಡ, ನೋಟೋ ಫಾಂಟ್ ಎಲ್ಲ ಪುಕ್ಕಟೆ ಸಿಗುತ್ತವೆ.

ಡಿಟಿಪಿ_ಸಿಂಧನೂರು: ಪುಕ್ಕಟೆ ಸಿಕ್ಕರೆ ಸಾಕಾ? ಹಳೆ ಕೋರೆಲ್‌ನಲ್ಲಿ ಯೂನಿಕೋಡ್ ಹಾಕಿದರೆ "ಕೃಷ್ಣ" ಹೋಗಿ "ಕೃಷ್‌ಣ" ಆಗುತ್ತದೆ. ಮದುಮಗನ ಹೆಸರು ಹಾಗೆ ಅಚ್ಚಾದರೆ ಬೀಗರಿಗೆ ಉತ್ತರ ಕೊಡೋರು ಯಾರು?

ರಾಯಚೂರು_ಮ್ಯಾಕ್: ಹಳೆ ಕೋರೆಲ್ ಯಾಕೆ ಬಳಸುತ್ತೀರಿ? 2012ರ ಎಕ್ಸ್6 ಆವೃತ್ತಿಯಲ್ಲೇ ಒತ್ತಕ್ಷರ ಕೂಡಿಸಲು ಬೇಕಾದ ಓಪನ್‌ಟೈಪ್ ಬಂತು. ಫೋಟೋಶಾಪ್‌ನಲ್ಲಿ ಒತ್ತಕ್ಷರ ಒಡೆದರೆ ಟೈಪ್ ಸೆಟ್ಟಿಂಗ್‌ನಲ್ಲಿ ವರ್ಲ್ಡ್ ರೆಡಿ ಲೇಔಟ್ ಆರಿಸಿಕೊಳ್ಳಿ, ಕೂಡಿಕೊಳ್ಳುತ್ತದೆ. ನುಡಿ ಫಾಂಟ್ ಇಲ್ಲದ ಸಿಸ್ಟಮ್‌ನಲ್ಲಿ ನಿಮ್ಮ ಫೈಲ್ ತೆರೆದು ನೋಡಿ. ಒಂದಕ್ಷರ ಕನ್ನಡ ಇರಲ್ಲ, ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆ.

ಫ್ಲೆಕ್ಸ್_ಗಂಗಾವತಿ: ಅದಕ್ಕೇ ಅಕ್ಷರವನ್ನು ಕರ್ವ್ಸ್ (ಗೆರೆಯ ಚಿತ್ರ) ಮಾಡಿ ಕಳಿಸಿ ಅನ್ನುವುದು. ಆಗ ಎದುರಿನವರ ಹತ್ತಿರ ಫಾಂಟೇ ಬೇಕಿಲ್ಲ.

ರಾಯಚೂರು_ಮ್ಯಾಕ್: ಕರ್ವ್ಸ್ ಮಾಡಿದ ಮೇಲೆ ಮುಹೂರ್ತದ ಟೈಮ್ ಬದಲಾದರೆ ಏನು ತಿದ್ದುತ್ತೀರಿ? ಅಕ್ಷರ ಅಕ್ಷರವಾಗಿ ಉಳಿದಿರಲ್ಲ, ಬರೀ ಆಕಾರ.

ಡಿಟಿಪಿ_ಸಿಂಧನೂರು: ಮೂಲ ಫೈಲ್ ಇಟ್ಟುಕೊಂಡಿರುತ್ತೇವೆ ಸ್ವಾಮಿ, ಅಷ್ಟೂ ತಿಳಿಯದೆ ಅಂಗಡಿ ನಡೆಸುತ್ತಿದ್ದೇವಾ? ಅಪ್ಪನ ಕಾಲದಿಂದ ಬಂದ ಕಾರ್ಡ್ ಫೈಲ್‌ಗಳು ಎಲ್ಲ ನುಡಿಯಲ್ಲಿವೆ. ಅವೇ ನಮ್ಮ ಬಂಡವಾಳ. ನುಡಿಯಿಂದ ಯೂನಿಕೋಡ್‌ಗೆ ತರುವ ಪರಿವರ್ತಕಕ್ಕೆ ಹಾಕಿದರೆ ಅರ್ಕಾವತ್ತು ಎಲ್ಲೆಲ್ಲೋ ಹೋಗಿ ಕೂರುತ್ತದೆ, ಒಂದೊಂದೇ ಸಾಲು ಕೂತು ತಿದ್ದಬೇಕು. ನೀವು ಬಂದು ತಿದ್ದಿಕೊಡುತ್ತೀರಾ?

ಮಾನ್ವಿ_ಸರ್ವಿಸ್: ಒಂದು ಮಾತು. ಸೆಕೆಂಡ್ ಹ್ಯಾಂಡ್ ನೋಡುವುದಾದರೆ ಇಂಟೆಲ್ 8ನೇ ಪೀಳಿಗೆಗಿಂತ ಹಳೆಯದು ಬೇಡ. ವಿಂಡೋಸ್ 11 ಅದಕ್ಕೆ ಅಧಿಕೃತವಾಗಿ ಬರಲ್ಲ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಯುಪಿಎಸ್ ಬಿಟ್ಟು ಬಿಲ್ ಮಾಡಿಸಬೇಡಿ.

ರಾಯಚೂರು_ಮ್ಯಾಕ್: @ಡಿಟಿಪಿ_ಸಿಂಧನೂರು, "ಅಪ್ಪನ ಕಾಲದ" ಫೈಲ್ ನಿಮಗಿವೆ, ಈ ಹುಡುಗನಿಗೆ ಎಲ್ಲಿವೆ? ಹೊಸದಾಗಿ ಶುರು ಮಾಡುವವನಿಗೆ ಹಳೆ ಹೊರೆ ಯಾಕೆ ಹೊರಿಸುತ್ತೀರಿ? ಕಾರ್ಡಿನ ಮಾತನ್ನೇ ವಾಟ್ಸಾಪ್‌ಗೂ ಹಾಕಬೇಕು ಅಂತ ಗಿರಾಕಿ ಕೇಳಿದರೆ ನುಡಿ ಅಕ್ಷರ ಅಲ್ಲಿ ಓದಲಿಕ್ಕೇ ಬರಲ್ಲ.

ಡಿಟಿಪಿ_ಸಿಂಧನೂರು: ಈಗಿನ ನುಡಿಯಲ್ಲಿ ಯೂನಿಕೋಡ್ ಟೈಪಿಂಗೂ ಇದೆ, ಮೊದಲು ತೆರೆದು ನೋಡಿ. ನೋಡದೆ ಮಾತಾಡಬೇಡಿ.

ಬಳ್ಳಾರಿ_ಲೇಬಲ್: ಅಕ್ಷರದ ಜಗಳ ಮುಂದುವರಿಸಿ, ನಾನು ಹುಡುಗನಿಗೆ ಹೇಳುತ್ತೇನೆ. 59,900 ಮ್ಯಾಕ್‌ಗೇ ಹೋದರೆ ಮಾನಿಟರ್‌ಗೆ ಉಳಿಯುವುದು ಹತ್ತು ಸಾವಿರ. ಯುಪಿಎಸ್ ಎಲ್ಲಿಂದ? ಆಮೇಲೆ ರ್ಯಾಮ್ ಸಾಲದು ಅನಿಸಿದರೂ ಹಾಕಿಸಲು ಬರಲ್ಲ. ವಿಂಡೋಸ್ ಸಿಸ್ಟಮ್ ಜೋಡಿಸಿಕೊಳ್ಳಿ. 27 ಇಂಚಿನ ಮಾನಿಟರ್ ಆದರೆ 1440ಪಿ (ಮೇಲಿಂದ ಕೆಳಕ್ಕೆ 1440 ಚುಕ್ಕಿ ಸಾಲು) ಇರಲಿ. 1080ಪಿ 24 ಇಂಚಿಗೆ ಸಾಕು, 27ಕ್ಕೆ ಸಣ್ಣ ಅಕ್ಷರದ ಅಂಚು ಒರಟಾಗಿ ಕಾಣುತ್ತದೆ. ಬ್ರೈಟ್‌ನೆಸ್ ಪೂರ್ತಿ ಏರಿಸಿ ಕೆಲಸ ಮಾಡಬೇಡಿ. ಕಾಗದ ಅಷ್ಟು ಹೊಳೆಯಲ್ಲ, ಅಚ್ಚು ಯಾವಾಗಲೂ ಕಪ್ಪಗೆ ಬಂತು ಅನಿಸುತ್ತದೆ. ಪ್ರೆಸ್‌ನಿಂದ ಐಸಿಸಿ ಪ್ರೊಫೈಲ್ (ಅವರ ಅಚ್ಚಿನ ಬಣ್ಣದ ವಿವರ ಇರುವ ಫೈಲ್) ಕೇಳಿ ತಂದು ಸಾಫ್ಟ್ ಪ್ರೂಫ್, ಅಂದರೆ ಅಚ್ಚು ಹೇಗೆ ಬರುತ್ತದೆ ಅಂತ ಸ್ಕ್ರೀನ್ ಮೇಲೇ ನೋಡಿ. ನೀಲಿ ನೇರಳೆ ಆಗುವುದು ಅಲ್ಲೇ, ಅಚ್ಚಿಗೆ ಹೋಗುವ ಮೊದಲೇ ಕಾಣುತ್ತದೆ.

ಫ್ಲೆಕ್ಸ್_ಗಂಗಾವತಿ: ನಮ್ಮ ಕಡೆ ಯಾವ ಪ್ರೆಸ್ ಪ್ರೊಫೈಲ್ ಕೊಡುತ್ತದೆ? ಕೇಳಿದರೆ ಮುಖ ನೋಡುತ್ತಾರೆ. ಒಂದು ಅಡಿ ಸ್ಯಾಂಪಲ್ ಹೊಡೆಸಿ ಗಿರಾಕಿ ಕೈಗೆ ಕೊಡು ತಮ್ಮಾ, ಮುಗೀತು.

ಬಳ್ಳಾರಿ_ಲೇಬಲ್: ಪ್ರತಿ ಟ್ಯಾಗ್‌ಗೂ ಸ್ಯಾಂಪಲ್ ಹೊಡೆಸುತ್ತಾ ಹೋದರೆ ಆ ದುಡ್ಡಲ್ಲಿ ಒಳ್ಳೆ ಐಪಿಎಸ್ ಬರುತ್ತದೆ.

ಕೊಪ್ಪಳ_ಹುಡುಗ: ವಿಂಡೋಸ್, 24 ಇಂಚು ಐಪಿಎಸ್ ಅಂತ ಬರೆದುಕೊಂಡೆ. ನುಡಿನೂ ಹಾಕಿಸುತ್ತೇನೆ, ಯೂನಿಕೋಡ್ ಫಾಂಟೂ ಹಾಕಿಸುತ್ತೇನೆ.

ಡಿಟಿಪಿ_ಸಿಂಧನೂರು: ಮೊದಲು ನುಡಿ.

ರಾಯಚೂರು_ಮ್ಯಾಕ್: ಎರಡೂ ಹಾಕಿದರೆ ಗೊಂದಲ ಜಾಸ್ತಿ. ಯೂನಿಕೋಡ್ ಒಂದೇ ಸಾಕು.